ಚಂದ್ರನ ಕಾಲು ಭಾಗದಷ್ಟು ತಪ್ಪು

ಅಮ್ಮನ ಬೆರಳಿಗೆ ಒಂದು ಕ್ಲಿಪ್ ಹಾಕಿದ್ದರು. ಒಣಗಲು ಹಾಕಿದ ಬಟ್ಟೆಗೆ ಸಿಕ್ಕಿಸುತ್ತೇವಲ್ಲ, ಆ ಕ್ಲಿಪ್ಪಿಗಿಂತ ಸ್ವಲ್ಪ ದಪ್ಪ. ಒಳಗಿಂದ ಕೆಂಪು ಬೆಳಕು ಬರುತ್ತಿತ್ತು. ವಾರ್ಡಿನ ದೀಪ ಆರಿಸಿದ ಮೇಲೆ ಅಮ್ಮನ ಮುಖ ಕಾಣುತ್ತಿರಲಿಲ್ಲ. ತೋರುಬೆರಳಿನ ತುದಿ ಮಾತ್ರ ಕೆಂಡದ ಹಾಗೆ ಹೊಳೆಯುತ್ತಿತ್ತು. ಪಕ್ಕದ ಪರದೆಯ ಮೇಲೆ ಒಂದು ನಂಬರ್, ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ಅಂತ. 91, 90, ಮತ್ತೆ 91. ಒಂಬತ್ತು ರಾತ್ರಿ ನಾನು ಆ ನಂಬರ್ ನೋಡುತ್ತಾ ಕೂತಿದ್ದೆ. ಏರಿದರೆ ದೇವರಿಗೆ ಸ್ತೋತ್ರ ಹೇಳುತ್ತಿದ್ದೆ. ಇಳಿದರೆ ನರ್ಸನ್ನು ಕರೆಯಲು ಓಡುತ್ತಿದ್ದೆ, ಓಡುತ್ತಲೇ ಪ್ರಾರ್ಥನೆಯನ್ನೂ ಮಾಡುತ್ತಿದ್ದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಇದರಲ್ಲಿ ಏನೋ ತೊಡಕಿದೆ ಅಂತ ನನಗೆ ಅನ್ನಿಸಲೇ ಇಲ್ಲ.

ನೋಡಲು ಬಂದವರಿಗೆ ಅನ್ನಿಸಿತು.

ಒಬ್ಬರು ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾವೆಲ್ಲ ಗೌರವಿಸುವ ಹಿರಿಯರು. ಅಮ್ಮನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು, "ನೋಡಪ್ಪಾ, ಆ ಮೆಷಿನ್ ಕಡೆ ನೋಡೋದು ಮೊದಲು ಬಿಡು. ನಂಬಿಕೆ ಇದ್ದರೆ ಅಮ್ಮ ಎದ್ದು ಬರ್ತಾರೆ. ಬರಲಿಲ್ಲ ಅಂದ್ರೆ ಎಲ್ಲೋ ನಂಬಿಕೆ ಕಮ್ಮಿ ಆಯ್ತು ಅಂತಾನೇ ಅರ್ಥ." ಮಾರನೇ ದಿನ ಬಂದವನು ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯ. ಅವನು ಅಮ್ಮನ ತಲೆದಿಂಬಿನ ಪಕ್ಕದಲ್ಲಿದ್ದ ಸತ್ಯವೇದವನ್ನು, ಅಂದರೆ ಬೈಬಲನ್ನು, ನೋಡಿದ. ಹೊರಗೆ ಬಂದು, "ಫಿಸಿಕ್ಸ್ ಓದಿರೋನು ನೀನು. ಇನ್ನೂ ಇದನ್ನೆಲ್ಲ ನಂಬ್ತೀಯಾ? ಆಕ್ಸಿಜನ್ ಕೊಡ್ತಿರೋದು ಮೆಷಿನ್ ಕಣೋ, ದೇವರಲ್ಲ" ಅಂದ.

ಇಬ್ಬರೂ ಪ್ರೀತಿಯಿಂದಲೇ ಬಂದವರು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ರಾತ್ರಿ ಇಬ್ಬರ ಮಾತನ್ನೂ ಮತ್ತೆ ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಂಡಾಗ ನನಗೊಂದು ಹೊಳೆಯಿತು. ಮಾತು ಎದುರುಬದುರು, ದನಿ ಒಂದೇ. ಇಬ್ಬರಿಗೂ ಎಲ್ಲ ಗೊತ್ತಿತ್ತು. ಹಾಸಿಗೆಯ ಮೇಲಿದ್ದ ಅಮ್ಮನಿಗೆ, ಅವಳನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರಿಗೆ, ನನಗೆ, ಯಾರಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು.

ಅಮ್ಮ ಹತ್ತನೇ ದಿನ ಬೆಳಗಿನ ಜಾವ ತೀರಿಕೊಂಡಳು. ಆಮೇಲಿನ ದಿನಗಳಲ್ಲಿ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕ್ಲಿಪ್ಪಿನ ವಿಷಯ. ಆಸ್ಪತ್ರೆಯಲ್ಲಿ ಕೂತಾಗಲೇ ಫೋನಿನಲ್ಲಿ ಹುಡುಕಿ ಓದಿದ್ದೆ. ಅದರ ಹೆಸರು ಪಲ್ಸ್ ಆಕ್ಸಿಮೀಟರ್. ಅದರ ತತ್ವವನ್ನು ಕಂಡುಹಿಡಿದವರು ತಕುವೊ ಅಯೊಯಾಗಿ ಎಂಬ ಜಪಾನಿ ಇಂಜಿನಿಯರ್. ಅವರು ಹುಡುಕುತ್ತಿದ್ದದ್ದು ಬೇರೆಯದೇ ಆಗಿತ್ತು. ರಕ್ತಕ್ಕೆ ಬಣ್ಣ ಬಿಟ್ಟು, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಅಳೆಯಲು ನೋಡುತ್ತಿದ್ದರು. ಆದರೆ ನಾಡಿ ಬಡಿದಾಗಲೆಲ್ಲ ಗ್ರಾಫ್ ಅಲುಗಾಡುತ್ತಿತ್ತು. ಇಂಜಿನಿಯರುಗಳು ಇದಕ್ಕೆ ನಾಯ್ಸ್ ಅನ್ನುತ್ತಾರೆ. ಬೇಕಾದ್ದನ್ನು ನೋಡಲು ಬಿಡದ ಕಿರಿಕಿರಿ. ಅದನ್ನು ತೆಗೆದುಹಾಕಲು ಅವರು ಎರಡು ಬಣ್ಣದ ಬೆಳಕನ್ನು ಬಳಸಿ ಲೆಕ್ಕ ಹಾಕಿದರು. ರಕ್ತದಲ್ಲಿ ಆಕ್ಸಿಜನ್ ಬದಲಾದಾಗ ಆ ಲೆಕ್ಕ ಕೈಕೊಡುತ್ತಿತ್ತು. ಅಲ್ಲೇ ಅವರಿಗೆ ತಿಳಿಯಿತು, ಬೇಡ ಅಂತ ತೆಗೆಯಲು ಹೊರಟ ಆ ಅಲುಗಾಟದಲ್ಲೇ ಆಕ್ಸಿಜನ್ ಎಷ್ಟಿದೆ ಎಂಬ ಸುದ್ದಿ ಇದೆ. 1974ರಲ್ಲಿ ಅದನ್ನು ಪ್ರಕಟಿಸಿದರು. ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಬೆರಳಿಗೆ ಕ್ಲಿಪ್ ಹಾಕಿದರೆ ಸಾಕು ಅನ್ನುವ ಕಾಲ ಬಂದದ್ದು ಹಾಗೆ.

ಇದನ್ನು ಓದಿದಾಗ ನನಗೆ ಕೆಪ್ಲರ್ ನೆನಪಾದ.

ಜರ್ಮನಿಯ ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರ್ ಹುಟ್ಟಿದ್ದು 1571ರಲ್ಲಿ. ಪಾದ್ರಿಯಾಗಬೇಕು ಅಂತ ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ. ಓದು ಮುಗಿಯುವ ಮೊದಲೇ, 1594ರಲ್ಲಿ, ಗ್ರಾಜ್ ಎಂಬ ಊರಿಗೆ ಗಣಿತದ ಮೇಷ್ಟ್ರಾಗಿ ಕಳಿಸಿಬಿಟ್ಟರು. ಮೊದಮೊದಲು ಅವನಿಗೆ ಇದು ಇಷ್ಟವಿರಲಿಲ್ಲ. ಆಮೇಲೆ ತನ್ನ ಗುರುಗಳಿಗೆ ಬರೆದ ಕಾಗದದಲ್ಲಿ, ಪಾದ್ರಿಯಾಗಬೇಕು ಅಂತಿದ್ದೆ, ಈಗ ನೋಡಿದರೆ ಖಗೋಳಶಾಸ್ತ್ರದಲ್ಲೂ ದೇವರಿಗೆ ಮಹಿಮೆ ಸಲ್ಲುತ್ತಿದೆ ಎಂಬ ಅರ್ಥದ ಮಾತು ಬರೆಯುತ್ತಾನೆ.

1600ರಲ್ಲಿ ಅವನು ಟೈಕೋ ಬ್ರಾಹೆಯ ಹತ್ತಿರ ಕೆಲಸಕ್ಕೆ ಸೇರಿದ. ಟೈಕೋ ದೂರದರ್ಶಕ ಬರುವುದಕ್ಕಿಂತ ಮುಂಚಿನವನು. ಬರಿಗಣ್ಣಿನಲ್ಲಿ, ದೊಡ್ಡ ದೊಡ್ಡ ಉಪಕರಣ ಇಟ್ಟುಕೊಂಡು, ವರ್ಷಗಟ್ಟಲೆ ರಾತ್ರಿ ಗ್ರಹಗಳ ಜಾಗವನ್ನು ಗುರುತು ಹಾಕಿಕೊಂಡಿದ್ದ. ಅವನಷ್ಟು ನಿಖರವಾಗಿ ಅಲ್ಲಿಯವರೆಗೆ ಯಾರೂ ಆಕಾಶವನ್ನು ಅಳೆದಿರಲಿಲ್ಲ. ಮರುವರ್ಷ ಟೈಕೋ ತೀರಿಕೊಂಡ. ಮಂಗಳ ಗ್ರಹದ ದಾರಿ ಹುಡುಕುವ ಕೆಲಸ ಕೆಪ್ಲರ್ ಪಾಲಿಗೆ ಉಳಿಯಿತು.

ಗ್ರಹಗಳು ವೃತ್ತದಲ್ಲೇ ಸುತ್ತುತ್ತವೆ ಅಂತ ಎರಡು ಸಾವಿರ ವರ್ಷದಿಂದ ಎಲ್ಲರೂ ನಂಬಿದ್ದರು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಅಂದ ಕೊಪರ್ನಿಕಸ್ ಕೂಡ. ಕೆಪ್ಲರ್ ಕೂಡ ವೃತ್ತ ಇಟ್ಟುಕೊಂಡೇ ಲೆಕ್ಕ ಶುರುಮಾಡಿದ. ಒಂದು ಸಲ ಹಾಕಿದ, ಸರಿಬರಲಿಲ್ಲ. ಮತ್ತೆ ಹಾಕಿದ. ಹೀಗೆ ಎಪ್ಪತ್ತು ಸಲವಾದರೂ ಲೆಕ್ಕ ಹಾಕಿದೆ, ಓದುತ್ತಾ ನಿಮಗೆ ಬೇಜಾರಾದರೆ ಹಾಕಿದ ನನ್ನ ಮೇಲೆ ಕರುಣೆ ಇರಲಿ ಅಂತ ತನ್ನ ಪುಸ್ತಕದಲ್ಲಿ ಓದುಗರಿಗೆ ಹೇಳುತ್ತಾನೆ. ಕೈಯಲ್ಲಿ ಲೆಕ್ಕ ಹಾಕುವ ಕಾಲ ಅದು, ಮರೆಯಬೇಡಿ. ಕೊನೆಗೆ ಉತ್ತರ ಹತ್ತಿರ ಬಂತು. ಆದರೂ ಟೈಕೋ ನೋಡಿದ ಜಾಗಕ್ಕೂ ಕೆಪ್ಲರನ ಲೆಕ್ಕದ ಜಾಗಕ್ಕೂ ಒಂದು ಚೂರು ವ್ಯತ್ಯಾಸ ಉಳಿಯಿತು.

ಎಷ್ಟು ಚೂರು? ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು. ಹುಣ್ಣಿಮೆಯ ಚಂದ್ರನನ್ನು ನೋಡಿ. ಅದರ ಅಗಲದಲ್ಲಿ ಸುಮಾರು ಕಾಲು ಭಾಗ. ಇಡೀ ಆಕಾಶದಲ್ಲಿ ಅಷ್ಟೇ ತಪ್ಪು.

ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು ಅನ್ನಿಸುತ್ತದೆ. ಹಳಬರ ಲೆಕ್ಕದಲ್ಲಿ ಹತ್ತು ಪಾಲಿನವರೆಗೆ ತಪ್ಪನ್ನು ಯಾರೂ ತಪ್ಪು ಅಂತಿರಲಿಲ್ಲ. ಟೈಕೋ ನೋಡಿದ್ದರಲ್ಲೇ ಎಡವಟ್ಟಾಗಿರಬೇಕು ಅಂದರೂ ಕೇಳುವವರಿರಲಿಲ್ಲ. ಅವನು ಸತ್ತಾಗಿತ್ತು. ಕೆಪ್ಲರ್ ಹಾಗೆ ಮಾಡಲಿಲ್ಲ. ಅವನು ಕೊಟ್ಟ ಕಾರಣ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದೇವರು ಕೃಪೆಯಿಂದ ನಮಗೆ ಟೈಕೋನಂಥ ಶ್ರದ್ಧೆಯ ವೀಕ್ಷಕನನ್ನು ಕೊಟ್ಟಿದ್ದಾನೆ, ಆ ಕೊಡುಗೆಯನ್ನು ಕೃತಜ್ಞತೆಯಿಂದ ತೆಗೆದುಕೊಳ್ಳಬೇಕು, ಹಾಗಾಗಿ ಈ ಎಂಟು ಪಾಲನ್ನು ತಳ್ಳಿಹಾಕುವ ಹಾಗಿಲ್ಲ. ಅವನು ಹೇಳಿದ್ದರ ಸಾರ ಇದು. ವರ್ಷಗಟ್ಟಲೆ ಮಾಡಿದ ತನ್ನ ಕೆಲಸವನ್ನು ಪಕ್ಕಕ್ಕಿಟ್ಟ. ವೃತ್ತವನ್ನೇ ಬಿಟ್ಟ. 1609ರಲ್ಲಿ ಪುಸ್ತಕ ಬಂದಾಗ ಮಂಗಳ ಗ್ರಹ ದೀರ್ಘವೃತ್ತದಲ್ಲಿ ಸುತ್ತುತ್ತಿತ್ತು. ನ್ಯೂಟನ್ ಮುಂದೆ ಕಟ್ಟಿದ್ದು ಅದರ ಮೇಲೆಯೇ.

ಇಲ್ಲಿ ನಂಬಿಕೆ ಎಲ್ಲಿ ಮುಗಿಯಿತು, ವಿಜ್ಞಾನ ಎಲ್ಲಿ ಶುರುವಾಯಿತು, ಹೇಳಿ ನೋಡೋಣ. ನನಗೆ ಗೆರೆ ಎಳೆಯಲು ಬರುವುದಿಲ್ಲ. ಲೋಕ ದೇವರದು, ಹಾಗಾಗಿ ಲೋಕ ಹೇಳುವುದನ್ನು ಕೇಳಬೇಕು ಅಂತ ಅವನು ನಂಬಿದ್ದ. ನಂಬಿದ್ದರಿಂದಲೇ ಅಳತೆಗೆ ತಲೆಬಾಗಿದ.

ಕನ್ನಡದಲ್ಲಿ ಹೆಮ್ಮೆ ಬೇರೆ, ಗರ್ವ ಬೇರೆ. ಇದು ನಮ್ಮ ಭಾಷೆಯ ಒಂದು ಭಾಗ್ಯ. ಮಗಳು ಚೆನ್ನಾಗಿ ಹಾಡಿದರೆ ಹೆಮ್ಮೆಪಡುತ್ತೇವೆ, ಅದರಲ್ಲಿ ತಪ್ಪಿಲ್ಲ. ಹೆಮ್ಮೆಯಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತದೆ. ಗರ್ವದಲ್ಲಿ ಇರುವುದಿಲ್ಲ. ಕ್ರೈಸ್ತ ಪರಂಪರೆ ಹಿಂದಿನಿಂದಲೂ ಗರ್ವವನ್ನು ಪಾಪಗಳ ಬೇರು ಅಂತ ಕರೆದಿದೆ. ಯಾಕೆ ಅಷ್ಟು ಕಠಿಣ ಮಾತು ಅಂತ ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಕೊಲೆ ಇದೆ, ಕಳ್ಳತನ ಇದೆ, ಅದಕ್ಕಿಂತ ಗರ್ವ ಹೆಚ್ಚಾ? ಈಗ ಅರ್ಥವಾಗುತ್ತದೆ. ಕದ್ದವನಿಗೆ ತಾನು ಕದ್ದೆ ಅಂತ ಗೊತ್ತಿರುತ್ತದೆ. ಗರ್ವ ಇರುವವನಿಗೆ ತನ್ನ ತಪ್ಪು ಕಾಣುವ ಕಣ್ಣೇ ಹೋಗಿರುತ್ತದೆ. ಎಂಟು ಪಾಲಿರಲಿ, ಎಂಬತ್ತು ಪಾಲಿದ್ದರೂ ಅವನಿಗೆ ಕಾಣುವುದಿಲ್ಲ.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಸಾಮ್ಯ ಇದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ, ಒಬ್ಬ ಧರ್ಮದ ನೇಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ, ಇನ್ನೊಬ್ಬ ಜನ ಪಾಪಿ ಅಂತ ದೂರ ಇಡುತ್ತಿದ್ದ ಸುಂಕದವನು. ಫರಿಸಾಯ ನಿಂತುಕೊಂಡು, ನಾನು ಬೇರೆಯವರ ಹಾಗಲ್ಲ, ಈ ಸುಂಕದವನ ಹಾಗೂ ಅಲ್ಲ, ಅದಕ್ಕೆ ನಿನಗೆ ಸ್ತೋತ್ರ ಅನ್ನುತ್ತಾನೆ. ಅವನ ಉಪವಾಸ ಸುಳ್ಳಲ್ಲ, ಕೊಟ್ಟ ದಶಮಾಂಶ ಸುಳ್ಳಲ್ಲ. ಆದರೂ ಅವನ ಪ್ರಾರ್ಥನೆ ಎಲ್ಲೂ ತಲುಪಲಿಲ್ಲ. ಇವತ್ತು ಫೋನ್ ತೆಗೆದರೆ ಈ ಪ್ರಾರ್ಥನೆಯೇ ಎಲ್ಲ ಕಡೆ ಕೇಳಿಸುತ್ತದೆ. ನಾಸ್ತಿಕನ ಬಾಯಿ ಮುಚ್ಚಿಸಿದ ಬೋಧಕರು ಅಂತ ಒಂದು ವಿಡಿಯೋ. ಭಕ್ತರ ಬೆವರಿಳಿಸಿದ ವಿಜ್ಞಾನಿ ಅಂತ ಅದರ ಕೆಳಗೇ ಇನ್ನೊಂದು. ಎರಡಕ್ಕೂ ಲಕ್ಷ ಲಕ್ಷ ಜನ. ನಾನು ಅವರ ಹಾಗಲ್ಲವಲ್ಲ ಎಂಬ ಸಮಾಧಾನಕ್ಕೆ ಸೇರಿದವರು.

ನಾನೂ ಆ ಸಾಲಿನಲ್ಲಿ ನಿಂತವನೇ. ಕಾಲೇಜು ಸೇರಿದ ಹೊಸದರಲ್ಲಿ ಅಮ್ಮನ ಪ್ರಾರ್ಥನೆಯನ್ನು ಆಡಿಕೊಂಡಿದ್ದೇನೆ. ಭೂಮಿಯ ವಯಸ್ಸು 454 ಕೋಟಿ ವರ್ಷ, ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ನಿನ್ನ ಸತ್ಯವೇದ ಹೇಳುವ ಸೃಷ್ಟಿಯ ಆರು ದಿನ ಎಲ್ಲಿ ಹಿಡಿಸುತ್ತದೆ ಅಂತ ಕೇಳಿದ್ದೆ. ಅಮ್ಮ ಬಟ್ಟೆ ಮಡಚುತ್ತಾ, "ಅಷ್ಟು ವರ್ಷ ಆಗಿದೆಯಾ? ದೇವರಿಗೆ ಎಷ್ಟು ತಾಳ್ಮೆ ನೋಡು" ಅಂದಳು. ನನಗೆ ಆಗ ಅದು ಉತ್ತರ ಅನ್ನಿಸಲಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಕೂಟಕ್ಕೆ ಹೋಗಿದ್ದೆ. ಯುವಕರಿಗೆ ಅಂತ ಇಟ್ಟಿದ್ದ ಕೂಟ. ಬೋಧಕರು ಸೃಷ್ಟಿಯ ಬಗ್ಗೆ ಮಾತಾಡಿ, ಭೂಮಿಗೆ ಆರು ಸಾವಿರ ವರ್ಷ, ಇದನ್ನು ಒಪ್ಪದವನು ಕ್ರಿಸ್ತನನ್ನೇ ಒಪ್ಪದವನು ಅಂದರು. ಮುಂದಿನ ಸಾಲಿನಲ್ಲಿದ್ದ ಹದಿನಾಲ್ಕು ಹದಿನೈದರ ಹುಡುಗ ಕೈ ಎತ್ತಿ ಡೈನೋಸಾರ್ ಬಗ್ಗೆ ಕೇಳಿದ. ತುಂಬಾ ಮೆತ್ತಗೆ ಕೇಳಿದ, ಕೊಂಕು ಇರಲಿಲ್ಲ. ಬೋಧಕರು ನಕ್ಕು, "ಸೈತಾನ ಪ್ರಶ್ನೆ ಕೇಳಿಸ್ತಾನೆ, ಹುಷಾರು" ಅಂದರು. ಎಲ್ಲರೂ ನಕ್ಕರು. ಹುಡುಗ ಕೈ ಇಳಿಸಿ ಮಡಿಲಲ್ಲಿ ಇಟ್ಟುಕೊಂಡ. ಅವನ ಕಿವಿ ಕೆಂಪಾಗಿದ್ದು ಹಿಂದಿನ ಸಾಲಿನಲ್ಲಿದ್ದ ನನಗೆ ಕಾಣಿಸಿತು. ಆಮೇಲೆ ಅವನು ಬರುವುದನ್ನು ಬಿಟ್ಟ ಅಂತ ಕೇಳಿದೆ. ಫಿಸಿಕ್ಸ್ ಓದಿದ ನಾನು, ಅಮ್ಮನ ಹತ್ತಿರ ಅಷ್ಟು ಮಾತಾಡಿದ ನಾನು, ಅವತ್ತು ಬಾಯಿ ಬಿಡಲಿಲ್ಲ. ಆ ಹುಡುಗನ ಕ್ಷಮೆ ಕೇಳಬೇಕು ಅಂತ ಇವತ್ತಿಗೂ ಅನ್ನಿಸುತ್ತದೆ.

ಸಂತ ಅಗಸ್ಟೀನರು ಐದನೇ ಶತಮಾನದ ಆರಂಭದಲ್ಲೇ ಈ ಬಗ್ಗೆ ಎಚ್ಚರ ಹೇಳಿದ್ದರು. ಸೃಷ್ಟಿಯ ಕಥೆ ಇರುವ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ ಮೇಲೆ ಅವರು ಬರೆದ ವ್ಯಾಖ್ಯಾನದಲ್ಲಿದೆ. ಭೂಮಿ, ಆಕಾಶ, ನಕ್ಷತ್ರಗಳ ಚಲನೆ, ಇವನ್ನು ಕ್ರೈಸ್ತರಲ್ಲದವರೂ ಬುದ್ಧಿಯಿಂದ, ಅನುಭವದಿಂದ ಚೆನ್ನಾಗಿ ತಿಳಿದಿರುತ್ತಾರೆ. ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ಆ ವಿಷಯಗಳ ಬಗ್ಗೆ ತಪ್ಪು ತಪ್ಪು ಮಾತಾಡಿದರೆ ಅದು ನಾಚಿಕೆಗೇಡು, ಆಮೇಲೆ ಪುನರುತ್ಥಾನದ ಬಗ್ಗೆ, ನಿತ್ಯಜೀವದ ಬಗ್ಗೆ ಹೇಳಿದರೆ ಯಾರು ನಂಬುತ್ತಾರೆ ಅಂತ ಅವರು ಕೇಳುತ್ತಾರೆ. ಅವರಿಗಿದ್ದ ಚಿಂತೆ ಆ ಹುಡುಗನಂಥವರ ಬಗೆಗಿನ ಚಿಂತೆಯೇ ಅಲ್ವಾ?

ಗೆಲಿಲಿಯೋ ವಿಷಯ ಎಲ್ಲರಿಗೂ ಗೊತ್ತಿದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂದದ್ದಕ್ಕೆ 1633ರಲ್ಲಿ ವಿಚಾರಣೆ, ಮಂಡಿಯೂರಿ ಮಾತು ಹಿಂತೆಗೆದುಕೊಂಡದ್ದು, 1642ರಲ್ಲಿ ಸಾಯುವವರೆಗೆ ಗೃಹಬಂಧನ. ಸಭೆ ತಪ್ಪು ಮಾಡಿತು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಮುನ್ನೂರೈವತ್ತು ವರ್ಷ ತಡ. ಇದಕ್ಕೆ ನಾನು ಸಬೂಬು ಹೇಳುವುದಿಲ್ಲ. ಕೆಪ್ಲರನಿಗೂ ಪೆಟ್ಟು ತಪ್ಪಲಿಲ್ಲ. ಒಂದು ಬೋಧನೆಯ ವಿಷಯದಲ್ಲಿ ಮನಸ್ಸಾಕ್ಷಿಗೆ ವಿರುದ್ಧವಾಗಿ ಸಹಿ ಹಾಕಲಾರೆ ಅಂದದ್ದಕ್ಕೆ ಲಿಂಜ್‌ನಲ್ಲಿ ಅವನ ಸ್ವಂತ ಲೂಥರನ್ ಸಭೆಯೇ ಅವನಿಗೆ ಪ್ರಭುಭೋಜನವನ್ನು, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ಕೊಡಲಿಲ್ಲ. ಅವನ ತಾಯಿಯನ್ನು ಮಾಟಗಾತಿ ಅಂತ ಹಿಡಿದು ಹದಿನಾಲ್ಕು ತಿಂಗಳು ಸರಪಳಿಯಲ್ಲಿಟ್ಟರು. ಕೆಪ್ಲರ್ ತನ್ನ ಕೆಲಸ ಬಿಟ್ಟು ಹೋಗಿ ಅವಳ ಪರವಾಗಿ ವಾದ ಮಾಡಿದ. ಅವಳ ಮೇಲೆ ಹೊರಿಸಿದ ಒಂದೊಂದು ಆರೋಪಕ್ಕೂ ಸಹಜ ಕಾರಣ ತೋರಿಸಿ ಬಿಡಿಸಿದ. 1621ರಲ್ಲಿ ಬಿಡುಗಡೆಯಾದಳು. ಮರುವರ್ಷ ತೀರಿಕೊಂಡಳು. ಆಕಾಶದ ನಿಯಮ ಕಂಡವನು ತಾಯಿಗಾಗಿ ಕೋರ್ಟಿನಲ್ಲಿ ಕೂತು ಕಾಗದ ಬರೆಯುತ್ತಿದ್ದ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಅವನು ದೇವರನ್ನು ಬಿಡಲಿಲ್ಲ.

ಹಾಗಂತ ಗರ್ವ ಸಭೆಯ ಸ್ವತ್ತೇ? ಖಂಡಿತ ಅಲ್ಲ.

ಗ್ರೆಗೊರ್ ಮೆಂಡೆಲ್ ಬ್ರನೋ ಎಂಬ ಊರಿನ ಮಠದಲ್ಲಿದ್ದ ಸನ್ಯಾಸಿ. ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆದು, ದುಂಡಗಿದ್ದದ್ದು ಎಷ್ಟು, ಸುಕ್ಕಾದದ್ದು ಎಷ್ಟು, ಹಳದಿ ಎಷ್ಟು, ಹಸಿರು ಎಷ್ಟು ಅಂತ ಎಣಿಸಿದರು. ಸುಮಾರು 28 ಸಾವಿರ ಗಿಡ. ಅನುವಂಶಿಕತೆಯ ನಿಯಮಗಳು ಅಲ್ಲಿ ಸಿಕ್ಕವು. 1866ರಲ್ಲಿ ಅಚ್ಚಾದ ಅವರ ಬರಹವನ್ನು ಹೆಚ್ಚು ಜನ ಗಮನಿಸಲೇ ಇಲ್ಲ. 1884ರಲ್ಲಿ ತೀರಿಕೊಂಡರು. 1900ರಲ್ಲಿ ಬೇರೆಯವರು ಅದನ್ನು ಮತ್ತೆ ಹೊರತೆಗೆದರು. ಮುಂದಿನ ಕೆಲವೇ ದಶಕಗಳಲ್ಲಿ ಏನಾಯಿತು ನೋಡಿ. ಅದೇ ನಿಯಮಗಳನ್ನು ಹಿಡಿದುಕೊಂಡು ಓದಿದವರು, ಡಾಕ್ಟರುಗಳು, ನ್ಯಾಯಾಧೀಶರು ಯಾರಿಗೆ ಮಕ್ಕಳಾಗಬಹುದು, ಯಾರಿಗೆ ಆಗಬಾರದು ಅಂತ ತೀರ್ಮಾನಿಸಲು ಕೂತರು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾರಿ ಬಕ್ ಎಂಬ ಹೆಣ್ಣುಮಗಳಿಗೆ ಅವಳ ಒಪ್ಪಿಗೆಯಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಜನ ಒಪ್ಪಿದರು. ಆ ದೇಶದಲ್ಲಿ 60 ಸಾವಿರಕ್ಕೂ ಹೆಚ್ಚು ಜನರಿಗೆ ಹೀಗೆ ಮಾಡಿದರು. ಅದನ್ನು ಆಗ ವಿಜ್ಞಾನ ಅಂತಲೇ ಕರೆದರು. ಅದನ್ನು ಬೆಂಬಲಿಸಿ ಪ್ರಸಂಗ ಮಾಡಿದ ಪಾದ್ರಿಗಳೂ ಇದ್ದರು, ಇದನ್ನೂ ಮುಚ್ಚಿಡಬಾರದು. ಬಟಾಣಿ ಎಣಿಸಿದ ಕೈಗೂ ಈ ಆದೇಶಕ್ಕೆ ಸಹಿ ಹಾಕಿದ ಕೈಗೂ ಇದ್ದ ವ್ಯತ್ಯಾಸ ಜ್ಞಾನದ್ದಲ್ಲ. ಎರಡನೆಯವರಿಗೆ ಜ್ಞಾನ ಜಾಸ್ತಿಯೇ ಇತ್ತು.

ನನಗೆ ಎಲ್ಲರಿಗಿಂತ ಇಷ್ಟವಾದವರು ಜಾರ್ಜ್ ಲೆಮೇತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದರು. ನಿಮ್ಮ ಗಣಿತ ಸರಿ, ಭೌತಶಾಸ್ತ್ರ ಮಾತ್ರ ಸಹಿಸಲಾಗದ್ದು ಎಂಬರ್ಥದಲ್ಲಿ ಐನ್‌ಸ್ಟೈನ್ ಅವರಿಗೆ ಹೇಳಿದರಂತೆ. 1931ರಲ್ಲಿ ಇನ್ನೂ ಮುಂದೆ ಹೋಗಿ, ವಿಶ್ವಕ್ಕೆ ಒಂದು ಆರಂಭ ಇರಬೇಕು ಅಂದರು. ಇವತ್ತು ನಾವು ಮಹಾಸ್ಫೋಟ ಅನ್ನುವ ವಿಚಾರದ ಬೀಜ ಅದು. ಪಾದ್ರಿ ತಾನೇ, ಆದಿಕಾಂಡವನ್ನು ಹಿಂಬಾಗಿಲಿನಿಂದ ಒಳಗೆ ತರುತ್ತಿದ್ದಾರೆ ಅಂತ ಅನುಮಾನಪಟ್ಟವರೂ ಇದ್ದರು.

1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣ ಮಾಡಿದರು. ಆದಿಯಲ್ಲಿ ದೇವರು ಬೆಳಕಾಗಲಿ ಅಂದ ಮಾತಿಗೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಅನ್ನುವ ರೀತಿಯಲ್ಲಿ ಮಾತಾಡಿದರು. ಒಬ್ಬ ಪಾದ್ರಿಗೆ ಇದಕ್ಕಿಂತ ದೊಡ್ಡ ಗೆಲುವು ಏನಿದೆ? ತನ್ನ ಲೆಕ್ಕ, ತನ್ನ ಪೋಪ್, ತನ್ನ ದೇವರು, ಮೂರೂ ಒಂದೇ ವೇದಿಕೆಯ ಮೇಲೆ. ಲೆಮೇತ್ರ್‌ಗೆ ಖುಷಿಯಾಗಲಿಲ್ಲ, ಬೇಸರವಾಯಿತು. ತನ್ನ ಸಿದ್ಧಾಂತ ನಾಳೆ ತಪ್ಪು ಅಂತ ಆಗಬಹುದು. ದೇವರನ್ನು ಅದಕ್ಕೆ ಕಟ್ಟಿಹಾಕಬಾರದು. ಸೃಷ್ಟಿಕರ್ತನು ಇದ್ದಾನೋ ಇಲ್ಲವೋ ಅನ್ನುವುದನ್ನು ಈ ಸಮೀಕರಣಗಳು ಹೇಳಲಾರವು. ಅವರು ಪೋಪರ ಸಲಹೆಗಾರರ ಜೊತೆ ಮಾತಾಡಿದರು. ಮರುವರ್ಷ ರೋಮಿನಲ್ಲಿ ಖಗೋಳವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಮಾತಾಡಿದಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಗೆಲುವು ಕೈಗೆ ಬಂದಾಗ ಬೇಡ ಅಂದ ಆ ಪಾದ್ರಿಯೂ ದೊಡ್ಡವರು. ಕೇಳಿಸಿಕೊಂಡ ಪೋಪರೂ ದೊಡ್ಡವರು.

1964ರ ಸುಮಾರಿಗೆ ಅಮೆರಿಕದಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರಿಗೆ ತಮ್ಮ ಆಂಟೆನಾದಲ್ಲಿ ಒಂದು ನಾಯ್ಸ್ ಸಿಕ್ಕಿತು. ಎಲ್ಲಿ ತಿರುಗಿಸಿದರೂ ಅದೇ ಸದ್ದು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆಯನ್ನು ಉಜ್ಜಿ ತೊಳೆದರು. ಹೋಗಲಿಲ್ಲ. ಕೊನೆಗೆ ತಿಳಿಯಿತು, ಅದು ವಿಶ್ವ ಹುಟ್ಟಿದ ಕಾಲದ ಬೆಳಕು ತಣ್ಣಗಾಗಿ ಉಳಿದದ್ದು. ಸುದ್ದಿ ಲೆಮೇತ್ರ್‌ಗೆ ತಲುಪಿದಾಗ ಅವರು ಕಾಯಿಲೆಯಿಂದ ಮಲಗಿದ್ದರು. 1966ರ ಜೂನ್‌ನಲ್ಲಿ ತೀರಿಕೊಂಡರು.

ಕೆಪ್ಲರನ ಎಂಟು ಪಾಲು, ಅಯೊಯಾಗಿಯವರ ಅಲುಗಾಟ, ಈ ಸದ್ದು. ಮೂರರಲ್ಲೂ ಲೆಕ್ಕಕ್ಕೆ ಒಗ್ಗದ ಒಂದು ಉಳಿಕೆ ಇತ್ತು. ಯಾರೋ ಅದರ ಮುಂದೆ ಸುಮ್ಮನೆ ನಿಂತರು, ಕಾದರು.

ಇಲ್ಲಿಂದ ನಾನು ನಿರೀಕ್ಷೆಯ ಕಡೆ ಬರುತ್ತೇನೆ. ನಮ್ಮ ಕನ್ನಡ ಸತ್ಯವೇದದಲ್ಲಿ ಪೌಲನು ಹೇಳುವ ಮೂರು ಮಾತು: ನಂಬಿಕೆ, ನಿರೀಕ್ಷೆ, ಪ್ರೀತಿ. ಆಸೆ ಅಂತ ಬರೆದಿಲ್ಲ, ನಿರೀಕ್ಷೆ ಅಂತ ಬರೆದಿದ್ದಾರೆ. ಈಕ್ಷಿಸು ಅಂದರೆ ನೋಡು. ನಿರೀಕ್ಷೆ ಅಂದರೆ ದಾರಿ ನೋಡುವುದು. ಬಾಗಿಲಲ್ಲಿ ನಿಂತು ಇನ್ನೂ ಬರದವರ ದಾರಿ ಕಾಯುತ್ತೇವಲ್ಲ, ಅದು. ಆಸೆಗೆ ಇಂಥದ್ದೇ ಬೇಕು ಅಂತ ಇರುತ್ತದೆ. ನಾನು 95 ನಂಬರಿಗೆ ಆಸೆಪಟ್ಟೆ. ಅದು ಸಿಗಲಿಲ್ಲ.

ಈಗಿನ ಕಾಲಕ್ಕೆ ಆಸೆ ಇದೆ, ಭಯ ಇದೆ. ತಂತ್ರಜ್ಞಾನ ಎಲ್ಲವನ್ನೂ ಸರಿಮಾಡುತ್ತದೆ, ಮುಪ್ಪನ್ನೂ ಸಾವನ್ನೂ ಗೆಲ್ಲುತ್ತೇವೆ ಅಂತ ಬೆಳಿಗ್ಗೆ ಓದುತ್ತೇವೆ. ಭೂಮಿ ಮುಗಿಯಿತು, ಇನ್ನು ಏನೂ ಮಾಡಲಾಗದು ಅಂತ ಸಂಜೆ ಓದುತ್ತೇವೆ. ಎರಡರಲ್ಲೂ ಕಾಯುವುದಕ್ಕೆ ಏನೂ ಇಲ್ಲ, ಮುಂದೇನು ಅಂತ ಆಗಲೇ ಗೊತ್ತಾಗಿಬಿಟ್ಟಿದೆ. ನಾನು ವಿಜ್ಞಾನದ ಕೆಲಸವನ್ನು ಹಗುರ ಮಾಡುತ್ತಿಲ್ಲ. ಸಿಡುಬು ಭೂಮಿಯಿಂದಲೇ ಹೋಯಿತು ಅಂತ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತಲ್ಲ, ಅದನ್ನು ನೆನೆದಾಗ ನಾನು ದೇವರನ್ನು ಸ್ತುತಿಸುತ್ತೇನೆ, ಬಿಸಿಲಲ್ಲಿ ಮನೆ ಮನೆಗೆ ನಡೆದು ಲಸಿಕೆ ಹಾಕಿದವರನ್ನೂ ನೆನೆಯುತ್ತೇನೆ. ಆದರೆ ಅಮ್ಮನ ಹಾಸಿಗೆಯ ಪಕ್ಕ ಕೂತವನಿಗೆ, ಮಾಡುವುದನ್ನೆಲ್ಲ ಮಾಡಿದ ಮೇಲೂ ಒಂದು ರಾತ್ರಿ ಉಳಿಯುತ್ತದೆ. ಆ ರಾತ್ರಿಗೆ ಆಸೆ ಸಾಲುವುದಿಲ್ಲ.

ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಎಮ್ಮಾಹು ಎಂಬ ಹಳ್ಳಿಗೆ ನಡೆದು ಹೋಗುತ್ತಾರೆ. ಯೇಸುವನ್ನು ಶಿಲುಬೆಗೆ ಹಾಕಿ ಮೂರನೇ ದಿನ. ದಾರಿಯಲ್ಲಿ ಜೊತೆಗೂಡಿದ ಅಪರಿಚಿತನಿಗೆ ಅವರು, ಬಿಡುಗಡೆ ಮಾಡುವವನು ಆತನೇ ಅಂತ ನಾವು ನಿರೀಕ್ಷಿಸಿಕೊಂಡಿದ್ದೆವು ಅನ್ನುತ್ತಾರೆ. ನಿರೀಕ್ಷಿಸಿಕೊಂಡಿದ್ದೆವು. ಮುಗಿದುಹೋದದ್ದರ ಮಾತು. ಅವರ ಲೆಕ್ಕದಲ್ಲಿ ರಾಜನಿದ್ದ, ಗೆಲುವಿತ್ತು. ಶಿಲುಬೆ ಆ ಲೆಕ್ಕಕ್ಕೆ ಒಗ್ಗಲಿಲ್ಲ. ಅವರು ಲೆಕ್ಕವನ್ನು ಬಿಡಲಿಲ್ಲ, ನಿರೀಕ್ಷೆಯನ್ನು ಬಿಟ್ಟರು, ಊರು ಬಿಟ್ಟು ಹೊರಟರು. ಅವರ ಪಕ್ಕದಲ್ಲೇ ಆತ ನಡೆಯುತ್ತಿದ್ದ. ನಾನು ಕ್ರೈಸ್ತ, ಈ ಕಥೆಯನ್ನು ನಿಜ ಅಂತ ನಂಬುತ್ತೇನೆ. ಇದನ್ನು ಯಾವ ಆಂಟೆನಾದಲ್ಲೂ ಹಿಡಿದು ತೋರಿಸಲಾರೆ, ತೋರಿಸುತ್ತೇನೆ ಅಂತ ಹೊರಡುವುದೂ ಇಲ್ಲ. ಅಮ್ಮನ ಸಾವು ನನ್ನ ಲೆಕ್ಕಕ್ಕೆ ಒಗ್ಗಿಲ್ಲ ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ. ಆ ಹಿರಿಯರ ಹಾಗೆ, ನಂಬಿಕೆ ಕಮ್ಮಿಯಾಯಿತು ಅಂತ ಹೇಳಿ ಅದನ್ನು ಸರಿದೂಗಿಸುವುದಿಲ್ಲ. ಗೆಳೆಯನ ಹಾಗೆ, ಇರುವುದು ಇಷ್ಟೇ ಅಂತಲೂ ಗೆರೆ ಎಳೆಯುವುದಿಲ್ಲ. ಆ ಎಂಟು ಪಾಲು ಹಾಗೆಯೇ ಇರಲಿ. ನಾನು ದಾರಿ ನೋಡುತ್ತೇನೆ.

ಎಂಟನೇ ರಾತ್ರಿ ಅಮ್ಮನಿಗೆ ನಿದ್ದೆ ಬರಲಿಲ್ಲ. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದಳು. ಮಾಸ್ಕ್ ಒಳಗಿನಿಂದ ನಿಧಾನಕ್ಕೆ ಕೇಳಿದಳು, "ಇದು ಏನು ಮಾಡುತ್ತೆ ಮಗಾ?"

ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. ಆಕ್ಸಿಜನ್ ಇರೋ ರಕ್ತ ಕೆಂಪು ಬೆಳಕನ್ನ ಜಾಸ್ತಿ ಬಿಟ್ಟುಕೊಡುತ್ತೆ, ಇಲ್ಲದ ರಕ್ತ ಹೀರಿಕೊಳ್ಳುತ್ತೆ, ಬೆರಳಿನ ಆ ಕಡೆ ಎಷ್ಟು ಬಂತು ಅಂತ ನೋಡಿ ಲೆಕ್ಕ ಹಾಕ್ತಾರೆ ಅಂತ ಹೇಳಿದೆ. ನಾಡಿಯ ಕಥೆಯನ್ನೂ ಹೇಳಿದೆ.

"ಅಷ್ಟು ಯೋಚನೆ ಮಾಡಿದಾರಾ?" ಅಂದಳು. "ಯಾರು ಅವರು?"

"ಜಪಾನಿನವರು ಒಬ್ಬರು ಅಮ್ಮ."

"ಇದ್ದಾರಾ?"

"ಇಲ್ಲ. 2020ರಲ್ಲಿ ತೀರಿಕೊಂಡ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಉಸಿರು ತೆಗೆದುಕೊಳ್ಳುವ ಸದ್ದು ಮಾತ್ರ. ಆಮೇಲೆ, "ಅವರ ಮನೆಯವರಿಗೋಸ್ಕರ ಪ್ರಾರ್ಥನೆ ಮಾಡೋಣ" ಅಂದಳು. ಕ್ಲಿಪ್ ಇದ್ದ ಕೈಯನ್ನೇ ಎತ್ತಿ ನನ್ನ ಕೈ ಹಿಡಿದಳು. ಕೈ ಅಲುಗಾಡಿದ್ದಕ್ಕೆ ಪರದೆಯ ಮೇಲಿನ ನಂಬರ್ ಮಾಯವಾಗಿ ಅದರ ಜಾಗದಲ್ಲಿ ಎರಡು ಗೆರೆ ಬಂದವು. ನಂಬರ್ ಮತ್ತೆ ಬರುವಷ್ಟರಲ್ಲಿ ನಾನು ಕಣ್ಣು ಮುಚ್ಚಿದ್ದೆ.